ತೂಗುಬಳೆಗೆ ಬಿಗಿದ ಹಗ್ಗ

ಫೆಬ್ರವರಿ ಮೂವತ್ತೊಂದು, ಇಸವಿ 2171

ಚಿಮಣಿ ನಿಲ್ಲಿಸಿದವರಿಗೆ,

ನಮ್ಮ ಫೆಬ್ರವರಿಗೆ ಮೂವತ್ತೊಂದು ದಿನ. ಯಾಕೆಂದು ಕೇಳಬೇಡಿ, ಹೇಳುವಷ್ಟು ತಾಳ್ಮೆ ನನಗಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಮಾತು ವಿಚಿತ್ರವಾಗಿ ಕೇಳಿಸಿದರೆ ಸಹಿಸಿಕೊಳ್ಳಿ. ನಿಮ್ಮ ಕೆಲಸವನ್ನು ನಾವು ಸಹಿಸಿಲ್ಲವೇ?

ನೀವು ಬಯಲಿನಲ್ಲಿ ನಿಲ್ಲಿಸಿದ ನೂರು ಮೀಟರಿನ ಉಕ್ಕಿನ ಚಿಮಣಿ ಇನ್ನೂ ನಿಂತಿದೆ. ನಾವು ಅದನ್ನು ಉಸಿರುಗೊಳವೆ ಅನ್ನುತ್ತೇವೆ. ಬಿಸಿಲಿಗೆ ಹೆದರಿ ನೆಲದಡಿ ಮನೆ ಮಾಡಿಕೊಂಡವರು ನಾವು. ಮುನ್ನೂರು ಮನೆಗಳ ಒಲೆಯ ಹೊಗೆ, ಕೆಟ್ಟ ಗಾಳಿ ಎಲ್ಲ ಅದರೊಳಗಿಂದಲೇ ಮೇಲೆ ಹೋಗಬೇಕು. ಅದು ಬಿದ್ದರೆ ಕೂಸುಗಳು ಮಲಗಿದಲ್ಲೇ ಉಸಿರುಗಟ್ಟುತ್ತವೆ.

ಬಿರುಗಾಳಿಗೆ ಅದು ಜಗ್ಗುವುದಿಲ್ಲ. ಒಣಹಾಕಿದ ಸೀರೆಯನ್ನು ತೂಗುವಂಥ ಒಂದೇ ಸಮನೆ ಬೀಸುವ ಗಾಳಿ ಬಂತೆಂದರೆ, ಕೊಳವೆಯ ಬೆನ್ನಹಿಂದೆ ಸುಳಿಗಳು ಎದ್ದು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಎಳೆಯುತ್ತವೆ. ಅದಕ್ಕೆಂದೇ ನೀವು ತುದಿಯಲ್ಲಿ ಸರಪಳಿಗೆ ದೊಡ್ಡ ಕಬ್ಬಿಣದ ಬಳೆ ತೂಗುಬಿಟ್ಟಿರಿ. ಕೊಳವೆ ಅತ್ತ ವಾಲಿದರೆ ಬಳೆ ಇತ್ತ. ಜಾಣರು. ಆಮೇಲೆ ಬಣ್ಣ ಬಳಿಯುವವರಿಗೆ ಬಡಿದೀತೆಂದು ಅದೇ ಬಳೆಯನ್ನು ತಂತಿಹಗ್ಗದಿಂದ ಬಿಗಿದಿರಿ. ಬಣ್ಣ ಒಣಗಿತು, ಹಗ್ಗ ಉಳಿಯಿತು. ಆಯುಧಪೂಜೆ ಬಂತು. ಯಾರೋ ಪುಣ್ಯಾತ್ಮ ಗಂಟಿಗೆ ಕುಂಕುಮ ಹಚ್ಚಿ ಚೆಂಡುಹೂ ಸುತ್ತಿದ. ಕುಂಕುಮ ಕಂಡ ಮೇಲೆ ನಮ್ಮ ಜನ ಬಿಚ್ಚುತ್ತಾರೆಯೇ? ವರ್ಷಕ್ಕೊಂದು ಹೊಸ ಹಗ್ಗ ಸುತ್ತಿದರು. ನಾನೇ ಉಪವಾಸವಿದ್ದು ಇಪ್ಪತ್ತೆಂಟು ಹಬ್ಬಕ್ಕೆ ಹಗ್ಗ ಕಟ್ಟಿದ್ದೇನೆ.

ತಂತಿಯನ್ನು ಅತ್ತಿತ್ತ ಮಣಿಸುತ್ತಲೇ ಇದ್ದರೆ ಮುರಿಯುತ್ತದೆ. ಉಕ್ಕೂ ಅಷ್ಟೆ. ಬಳೆ ತೂಗದೆ ಕೊಳವೆ ಇಷ್ಟು ವರ್ಷ ಓಲಾಡುತ್ತಲೇ ಇತ್ತು. ಹೋದ ವಾರ ಬುಡದ ಬೆಸುಗೆ ಗೇಣುದ್ದ ಬಿರಿಯಿತು. ಮೊಮ್ಮಗಳು ತಾಯಕ್ಕ ಮೇಲೆ ಹತ್ತಿ, ಹಗ್ಗಗಳ ಸಂದಿಯಲ್ಲಿ ಕೈಯಿಟ್ಟು, ನಿಮ್ಮ ಕಾಲದ ತಗಡಿನ ಚೀಟಿಯೊಂದನ್ನು ಕಿತ್ತು ತಂದು ನನ್ನ ಅಂಗೈಗೆ ಹಾಕಿದಳು. "ಓದಬೇ ಅಜ್ಜಿ. ನಾಲ್ಕನೇತ್ತ ಸಾಕು ಇದಕ್ಕ," ಅಂದಳು.

ಬಣ್ಣದ ಕೆಲಸ ಮುಗಿದ ಕೂಡಲೇ ಬಿಚ್ಚುವುದು. ಅಷ್ಟೇ ಬರೆದಿತ್ತು.

ಬಿರುಕಿಗೆ ಬೆಸುಗೆ ಹಾಕಬೇಕಾದರೆ ಕೊಳವೆ ಅಲುಗದೆ ನಿಲ್ಲಬೇಕು. ಅದು ನಿಲ್ಲಬೇಕಾದರೆ ಬಳೆ ತೂಗಬೇಕು. ಊರ ಹಿರಿಯ ಗಾದಿಲಿಂಗಪ್ಪನಿಗೆ ಇದು ತಲೆಗೆ ಹೋಗಲಿಲ್ಲ. "ದೇವರ ಕಂಕಣ ಹರೀತಿಯೇನು ಮುದುಕಿ? ಊರು ಬೀಳತೈತಿ," ಅಂದ. "ಹರೀಲಿಲ್ಲಂದ್ರೂ ಬೀಳತೈತಿ. ಹೊರಗ ಬಂದು ಬಿರುಕು ನೋಡು ಮದಲ," ಅಂದೆ. ಬರಲಿಲ್ಲ. ನಾಳೆ ಗಾಳಿ ಏಳುವ ಮೊದಲು ಕಟರ್ ಹಿಡಿದು ನಾನೇ ಹತ್ತುತ್ತೇನೆ. ಎಪ್ಪತ್ತೊಂದು ವಯಸ್ಸು, ಎಡಮೊಣಕಾಲು ಮಡಚುವುದಿಲ್ಲ. ತಾಯಕ್ಕ ಬುಡದಲ್ಲಿ ಬೆಸುಗೆಗೆ ಕೂರುತ್ತಾಳೆ. ಬಳೆ ಬಿಡುವುದು ತಡವಾದರೆ ಕೊಳವೆ ಅವಳ ಮೇಲೆಯೇ ಬೀಳುವುದು.

ಕಟ್ಟಿದವನ ಮೇಲೆ ನನಗೆ ಸಿಟ್ಟಿಲ್ಲ, ಅವನು ಚೀಟಿ ಬರೆದ. ಚೀಟಿ ಓದಿ, ನಾಳೆ ಬಿಚ್ಚಿದರಾಯಿತೆಂದು ಊಟಕ್ಕೆ ಇಳಿದನಲ್ಲ, ಅವನ ಮೇಲೆ. ನೀವು ಇದನ್ನು ಓದುವ ನಿಮ್ಮ ಕಾಲದಲ್ಲಿ ಅವನು ನಿಮ್ಮ ನಡುವೆಯೇ ಇದ್ದಾನೆ, ಬಣ್ಣ ಇನ್ನೂ ಹಸಿಯಾಗಿದೆ. ಅವನನ್ನು ಮತ್ತೆ ಮೇಲೆ ಹತ್ತಿಸಿ. ಹಬ್ಬಕ್ಕೆ ಮುಂಚೆ ಹತ್ತಿಸಿ.

ಹುಲಿಗೆವ್ವ