ಕೆಂಪು ಫಲಕದ ಮೇಲೆ ಅದೇ ಮುಖ

ಅಲೀರ್ ಭಾವ,

ನೀನು ಮಣ್ಣಾಗಿ ಎರಡು ವರ್ಷ. ಓದುವವರಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ, ಮೈಯೆಲ್ಲ ಉರಿಯುತ್ತಿದೆ. ನಮ್ಮ ನೀಲಿ ಪಕ್ಷದ ಎಂಪಿ ದೊನಾ ಹೋದ ತಿಂಗಳು ಒಟ್ಟಾವಾದ ಸಂಸತ್ತಿನಲ್ಲಿ ಎದ್ದು, ಎದುರಿನ ಕೆಂಪು ಪಕ್ಷದವರ ಸಾಲಿಗೆ ಹೋಗಿ ಕುಳಿತ. ಟೀವಿಯಲ್ಲಿ ನಮ್ಮ ಫ್ರೆಂಚ್ ಬಿಟ್ಟು ಇಂಗ್ಲಿಷಿನಲ್ಲಿ ಭಾಷಣ ಬೇರೆ. ನನ್ನ ಕಾಲೇಜಿನ ಇಂಗ್ಲಿಷ್ ಅರ್ಧ ಮರೆತಿದೆ, ಆದರೂ ‘ಕಾನ್ಷಿಯನ್ಸ್’ ಅಂದದ್ದು ಮೂರು ಸಲ ಕೇಳಿಸಿತು. ಮಂತ್ರಿಗಿರಿ ಸಿಕ್ಕ ಮೇಲೆ ಎಚ್ಚರವಾದ ಆತ್ಮಸಾಕ್ಷಿ!

ಈಗ ಮತ್ತೆ ಚುನಾವಣೆ. ಬೆಳಿಗ್ಗೆ ಅವನ ಪ್ರಚಾರ ಮಾಡುವ ಜಾನೀನ್ ಬಂದು ನನ್ನ ಅಂಗಳದಲ್ಲಿದ್ದ ಅವನ ನೀಲಿ ಪ್ರಚಾರ ಫಲಕ ಕಿತ್ತು ಕೆಂಪು ಫಲಕ ನೆಡತೊಡಗಿದಳು.

“ಏನಮ್ಮಾ ಇದು?”

“ಮುಖ ಅದೇ ಅಲ್ವಾ ಮಾಮ? ಬಣ್ಣ ಬೇರೆ, ಅಷ್ಟೆ.”

“ಕೆಂಪಿನವರ ಮನೇಲಿ ನೀರೂ ಕುಡೀಬೇಡಿ ಅಂತಿದ್ದೋಳು ನೀನೇ ಅಲ್ವೇನೇ?”

“ಅಯ್ಯೋ, ರಾಜಕೀಯಾನ ಅಷ್ಟೊಂದು ಮನಸ್ಸಿಗೆ ಹಚ್ಕೋತಾರಾ!”

ಫಲಕ ಎರಡನ್ನೂ ಮುರಿದು ರಸ್ತೆಗೆಸೆದೆ.

ಭಾವ, ನನ್ನ ಹೆಂಡತಿ ಓದೆತ್ ತೀರಿಕೊಂಡದ್ದೂ ಇಂಥದೇ ಒಂದು ಚುನಾವಣೆಯ ವಾರದಲ್ಲಿ. ಅವಳನ್ನು ಮಣ್ಣು ಮಾಡುವ ದಿನ ಚರ್ಚಿನ ಮೆಟ್ಟಿಲ ಮೇಲೆ ನಿಂತು ನೀನು, “ನನ್ನ ತಂಗಿ ಕಣೋ, ಒಂದ್ಸಲ ನೋಡ್ಕೊಂಡು ಹೋಗ್ತೀನಿ” ಅಂದೆ. ನಿನ್ನನ್ನು ಒಳಗೆ ಬಿಡದೆ ಬಾಗಿಲಿಗೆ ಅಡ್ಡ ನಿಂತಿದ್ದ ನಾನು ನೋಡಿದ್ದು ನಿನ್ನ ಕೋಟಿನ ಮೇಲಿನ ಕೆಂಪು ಬ್ಯಾಡ್ಜನ್ನು ಮಾತ್ರ.