ಎತ್ತು ಹೆಜ್ಜೆ ಎತ್ತುವ ಮುಂಚೆ

ಹೆಣ್ಣುಮಕ್ಕಳ ಹಾಸ್ಟೆಲ್, ಕೋಲಾರ
22 ಏಪ್ರಿಲ್ 2025, ಮಂಗಳವಾರ

ಪ್ರೀತಿಯ ತಾತಾ,

ಮೊದಲು ಕ್ಷಮಿಸು. ಮಾವಿನ ತೋಟ ಕಾಯುವ ಹೊತ್ತಿನಲ್ಲಿ ನಿನ್ನ ಕೈಗೆ ಇಷ್ಟುದ್ದದ ಕಾಗದ ಕೊಡಬಾರದು ಎಂದು ಗೊತ್ತು. ಫೋನ್ ಮಾಡೋಣವೆಂದರೆ ರಾಯಲ್ಪಾಡಿನ ಅತ್ತೆಯ ಆ ತೋಟದಲ್ಲಿ ಸಿಗ್ನಲ್ ಇಲ್ಲ. ಸಿಕ್ಕಾಗಲೂ ನೀನು "ಯಾರು, ಜೋರಾಗಿ ಹೇಳಮ್ಮ" ಎಂದು ಮೂರು ಸಲ ಕೂಗಿ ಫೋನನ್ನು ಅನಸೂಯಮ್ಮತ್ತೆಗೆ ಕೊಟ್ಟುಬಿಡುತ್ತೀಯ. ಅತ್ತೆಗೆ ಹೇಳಿದರೆ ಸಂಜೆಯೊಳಗೆ ಅದು ಹುತ್ತೂರಿನಲ್ಲಿ ಅಪ್ಪನ ಕಿವಿಗೆ ಬಿದ್ದಿರುತ್ತದೆ. ಇದು ಮೊದಲು ನಿನಗೇ ಗೊತ್ತಾಗಬೇಕಾದ ವಿಷಯ. ನಿನ್ನನ್ನು ಕೇಳದೆ ನಿನ್ನ ಹೆಸರನ್ನು ಒಂದು ಫಾರಂನಲ್ಲಿ ಬರೆದುಕೊಟ್ಟಿದ್ದೇನೆ. ನೀನು ಒಪ್ಪದಿದ್ದರೆ ಅಲ್ಲಿಂದ ನನ್ನ ಹೆಸರೂ ಹೋಗುತ್ತದೆ. ಬೈಯುವ ಮುಂಚೆ ಪೂರ್ತಿ ಓದು.

ಮೊಣಕಾಲು ಹೇಗಿದೆ? ಕಿವಿಯ ಮಿಷನ್ ಹಾಕಿಕೊಳ್ಳುತ್ತಿದ್ದೀಯಾ, ಇಲ್ಲ ಈಗಲೂ ಅದನ್ನು ಡಬ್ಬಿಯಲ್ಲೇ ಮಲಗಿಸಿದ್ದೀಯಾ? ಈ ಸಲ ಕಾಯಿ ಚೆನ್ನಾಗಿ ಕಚ್ಚಿದೆ ಎಂದು ಅಮ್ಮ ಹೇಳಿದಳು. ಕೋತಿಗಳ ಹಿಂದೆ ನೀನೇ ಓಡಬೇಡ, ಅತ್ತೆಯ ನಾಯಿಗೂ ಸ್ವಲ್ಪ ಕೆಲಸವಿರಲಿ. ನಾನು ಚೆನ್ನಾಗಿದ್ದೇನೆ. ಸೆಮಿಸ್ಟರ್ ಇಂಟರ್ನಲ್ಸ್ ಮುಗಿದವು, ಮ್ಯಾಥ್ಸ್ ಬಿಟ್ಟು ಉಳಿದದ್ದು ಪರವಾಗಿಲ್ಲ. ಎಡಗೈ ಮೊಣಕೈ ಒಂದಿಷ್ಟು ತರಚಿದೆ. ಅದರ ಕಥೆಯೇ ಈ ಕಾಗದ.

ಸ್ಕೇಟ್‌ಬೋರ್ಡ್ ಎಂದರೆ ನಾಲ್ಕು ಪುಟ್ಟ ಚಕ್ರಗಳ ಮೇಲೆ ಒಂದು ಹಲಗೆ, ಅಷ್ಟೇ ತಾತ. ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ನಮ್ಮ ಸೀನಿಯರ್ ಕದಿರೇಶಣ್ಣ, ಮಾಲೂರಿನವನು, ಕಾಲೇಜಿನ ಬ್ಯಾಡ್ಮಿಂಟನ್ ಕೋರ್ಟಿನ ಹಿಂದೆ ಸಂಜೆ ಹೊತ್ತು ಅದರ ಮೇಲೆ ಓಡಾಡುತ್ತಿದ್ದ. ಅವನ ಹಳೆಯ ಬೋರ್ಡೊಂದನ್ನು ನನಗೆ ಕೊಟ್ಟು ಆರು ತಿಂಗಳಾಯಿತು. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು ನಾನು, ನಿನಗೆ ಗೊತ್ತಲ್ಲ, ಅಟೆಂಡೆನ್ಸ್ ಕರೆದಾಗ ಪ್ರೆಸೆಂಟ್ ಎನ್ನಲೂ ಎದೆ ಹೊಡೆದುಕೊಳ್ಳುತ್ತದೆ. ಹಲಗೆಯ ಮೇಲೆ ನಿಂತಾಗ ಮಾತ್ರ ಅದು ಸುಮ್ಮನಾಗುತ್ತದೆ. ಯಾಕೆಂದು ಆಗ ಗೊತ್ತಿರಲಿಲ್ಲ. ಈಗ ಗೊತ್ತಾಗಿದೆ.

ಗುಡ್ ಫ್ರೈಡೇ ರಜೆ, ಅದಕ್ಕೆ ಅಂಟಿಕೊಂಡ ಶನಿವಾರ, ಭಾನುವಾರ. ಕದಿರೇಶಣ್ಣ, ನನ್ನ ರೂಮ್‌ಮೇಟ್ ಮುಳಬಾಗಿಲಿನ ಸುನಂದ, ನಾನು, ಮೂವರೂ ಸಮುದ್ರ ನೋಡಲು ಹೊರಟೆವು. ಅಮ್ಮನಿಗೆ ಹೇಳಿಯೇ ಹೋದೆ. ಅಮ್ಮ ಅಪ್ಪನಿಗೆ ಹೇಳಿದಳೋ ಇಲ್ಲವೋ ನಾನು ಕೇಳಲಿಲ್ಲ. ಹೆಸರಾದ ಬೀಚುಗಳಿಗೆಲ್ಲ ನಮ್ಮ ಜೇಬು ಸಾಲದು. ಅದಕ್ಕೇ ಚಿತ್ತೂರು, ತಿರುಪತಿ ದಾಟಿ, ಎರಡು ಬಸ್ಸು, ಒಂದು ಶೇರ್ ಆಟೋ ಹತ್ತಿ ಚಿನ್ನಪಾಲೆಂ ಎಂಬ ಮೀನುಗಾರರ ಊರಿಗೆ ಹೋದೆವು. ಒಂದೇ ಬೀದಿ, ಒಂದು ಟೀ ಅಂಗಡಿ, ಬಿಸಿಲಿಗೆ ಒಣಗಿದ ಬಲೆಗಳು, ಆಮೇಲೆ ಸಮುದ್ರ. ಅಲ್ಲಿ ಸೀಗಡಿ ಮರಿ ಮಾಡುತ್ತಿದ್ದ ಒಂದು ಹ್ಯಾಚರಿ ಮುಚ್ಚಿಹೋಗಿದೆ. ಅದರ ದುಂಡನೆಯ ಸಿಮೆಂಟ್ ತೊಟ್ಟಿಗಳು ಖಾಲಿ ಬಿದ್ದಿವೆ, ಒಳಗೋಡೆಯೆಲ್ಲ ಬಟ್ಟಲಿನ ಹಾಗೆ ಬಾಗಿದೆ. ಸ್ಕೇಟ್ ಮಾಡುವವರಿಗೆ ಅದಕ್ಕಿಂತ ಬೇಕೇ? ಅಲ್ಲಿಯ ಜನ ಬೇಡವೆನ್ನುವುದೂ ಇಲ್ಲ.

ಶಾಮಲಮ್ಮ ಎಂಬ ಒಣಮೀನು ಮಾರುವ ಹೆಂಗಸಿನ ಮನೆಯಲ್ಲಿ ಒಂದು ಕೋಣೆ ಸಿಕ್ಕಿತು. ನಾವಿಬ್ಬರು ಒಳಗೆ, ಕದಿರೇಶಣ್ಣ ಹೊರಗೆ ಜಗುಲಿಯಲ್ಲಿ (ಅಪ್ಪ ಕೇಳಿದರೆ ಇದನ್ನು ಒತ್ತಿ ಹೇಳು). ಅವರಿಬ್ಬರಿಗೂ ತೆಲುಗು ಚೂರುಪಾರು ಬರುತ್ತದೆ, ವ್ಯವಹಾರವೆಲ್ಲ ನನ್ನದೇ. ಆಂಧ್ರದ ಗಡಿಯ ರಾಯಲ್ಪಾಡಿನಲ್ಲಿ ನಿನ್ನ ಜೊತೆ ಕಳೆದ ಬೇಸಿಗೆಗಳ ತೆಲುಗು ಅದು. ನಾನು ಬಾಯಿ ಬಿಟ್ಟು ಬಾಡಿಗೆ ಮಾತಾಡಿದ್ದನ್ನು ಕಂಡು ಸುನಂದ, "ಲೇ ಜಿಎಲ್, ಕ್ಲಾಸಲ್ಲಿ ಡೌಟ್ ಕೇಳೋಕೆ ನನ್ನ ಕಳಿಸ್ತೀಯ, ಇಲ್ಲಿ ನೋಡಿದ್ರೆ ಲಾಯರ್ ಥರ ಮಾತಾಡ್ತೀಯಲ್ಲೇ" ಎಂದಳು. ಹಾಸ್ಟೆಲಿನಲ್ಲಿ ಗಂಗಾಲಕ್ಷ್ಮಿ ಯಾರ ಬಾಯಲ್ಲೂ ಪೂರ್ತಿ ಇಲ್ಲ ತಾತ, ಜಿಎಲ್ ಅಷ್ಟೇ. ಹೋಟೆಲಿನ ಖರ್ಚು ಬೇಡವೆಂದು ಅಮ್ಮ ಕಟ್ಟಿಕೊಟ್ಟಿದ್ದ ರಾಗಿ ಹಿಟ್ಟಿನಲ್ಲಿ ನಾನೇ ಮುದ್ದೆ ಕೂಡಿಸಿದೆ, ಶಾಮಲಮ್ಮ ಹುಣಸೆಹುಳಿ ಹಿಂಡಿ ಮೀನಿನ ಪುಲುಸು ಮಾಡಿದರು. ಕದಿರೇಶಣ್ಣ ಮೂರು ಮುದ್ದೆ ತಿಂದು, ಜಗುಲಿಯ ತನಕ ಯಾರಾದರೂ ಎತ್ತಿಕೊಂಡು ಹೋಗಿ ಎಂದ.

ಇನ್ನು ತೊಟ್ಟಿಯ ವಿಷಯ. ಅದರ ಅಂಚಿನಲ್ಲಿ ಹಲಗೆಯ ಹಿಂತುದಿಯನ್ನು ಒಂದು ಕಾಲಿಂದ ಅದುಮಿ ನಿಲ್ಲಬೇಕು. ಮುಂದಿನ ತುದಿ ಗಾಳಿಯಲ್ಲಿ ಇರುತ್ತದೆ. ಆಮೇಲೆ ಇನ್ನೊಂದು ಕಾಲನ್ನು ಮುಂದಿಟ್ಟು, ಪೂರ್ತಿ ಭಾರ ಹಾಕಿ, ಒಳಗೆ ಇಳಿಯಬೇಕು. ಡ್ರಾಪ್ ಇನ್ ಎನ್ನುತ್ತಾರೆ. ಮುಂದಕ್ಕೆ ಬಿದ್ದರೆ ಮೂಗು ಹೋಗುತ್ತದೆ ಎಂದು ಮನಸ್ಸು ಹೇಳುತ್ತದೆ, ಮೈ ಹಿಂದಕ್ಕೆ ವಾಲುತ್ತದೆ, ಹಿಂದಕ್ಕೆ ವಾಲಿದ್ದಕ್ಕೇ ಬೀಳುತ್ತೀವಿ. ಶುಕ್ರವಾರ ಸಂಜೆಯೆಲ್ಲ ಅಂಚಿನಲ್ಲಿ ನಿಂತು ನಿಂತು ಇಳಿದುಬಂದೆ. ಶನಿವಾರ ನಾಲ್ಕು ಸಲ ಬಿದ್ದೆ, ಮೊಣಕೈ ತರಚಿದ್ದು ಆಗ. ಬೆಂಗಳೂರಿನ ಒಂದು ಕ್ಲಬ್ಬಿನಿಂದ ಬಂದಿದ್ದ ಹುಡುಗ ಹುಡುಗಿಯರು ಅದೇ ತೊಟ್ಟಿಯಲ್ಲಿ ಮೀನುಗಳ ಹಾಗೆ ಹರಿದಾಡುತ್ತಿದ್ದರು. ಅವರ ಹೆಲ್ಮೆಟ್, ಅವರ ಇಂಗ್ಲಿಷ್, ಅವರ ಕೋಚ್ ಮೇಡಂ. ನನ್ನ ಸರದಿ ಬಂದಾಗಲೆಲ್ಲ ನೀವು ಹೋಗಿ ಪ್ಲೀಸ್ ಎಂದು ಜಾಗ ಬಿಡುತ್ತಿದ್ದೆ. ಭಾನುವಾರ ಮಧ್ಯಾಹ್ನಕ್ಕೆ ವಾಪಸ್ ಬಸ್ಸು. ಆ ಬೆಳಿಗ್ಗೆ ಇಳಿಯದಿದ್ದರೆ ಮತ್ತೆ ಹಲಗೆ ಮುಟ್ಟುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ, ಮತ್ತು ಇಳಿಯಲಾರೆ ಎಂದೂ ಗೊತ್ತಿತ್ತು.

ಶಾಮಲಮ್ಮ ಮೀನಿನ ಬುಟ್ಟಿ ಇಳಿಸಿ ತೊಟ್ಟಿಯ ಕಟ್ಟೆಯ ಮೇಲೆ ಕೂತು, ಅಂಚಿನಲ್ಲಿ ನಿಂತ ನನ್ನನ್ನು ನೋಡುತ್ತಿದ್ದರು. ಮೂರು ದಿನದಿಂದ ನನ್ನ ಅವಸ್ಥೆ ಕಂಡವರು. "ಏಮ್ಮಾ, ಚೆಕ್ಕ ಮೀದ ನಿಲಬಡಟಾನಿಕಿ ಇಂತ ದೂರಂ ವಚ್ಚಾವಾ? ಮೀ ಊಳ್ಳೋ ಚೆಕ್ಕ ಲೇದಾ?" ಎಂದರು. ಹಲಗೆ ಮೇಲೆ ನಿಲ್ಲೋಕೆ ಇಷ್ಟು ದೂರ ಬರಬೇಕಾ, ನಿಮ್ಮೂರಲ್ಲಿ ಹಲಗೆ ಇಲ್ಲವಾ ಎಂದು. ಕ್ಲಬ್ಬಿನ ಹುಡುಗಿಯರಿಗೆ ಅರ್ಥವಾಗದಿದ್ದರೂ ನಕ್ಕರು.

ಇದೆಯಲ್ಲ, ಎಂದುಕೊಂಡೆ. ಹುತ್ತೂರಿನ ಕೆರೆ ಕೋಡಿ ಬಿದ್ದ ವರ್ಷ, ನನಗೆ ಎಂಟೋ ಒಂಬತ್ತೋ. ಕೆರೆ ಕೆಳಗಿನ ಗದ್ದೆಯಲ್ಲಿ ಕೆಂದ, ಮೈಲ ಎತ್ತುಗಳ ಹಿಂದೆ ನೀನು ಕೆಸರು ಮಟ್ಟ ಮಾಡುವ ಹಲಗೆ ಕಟ್ಟಿದ್ದೆ. ಭಾರಕ್ಕೆ ಕಲ್ಲು ಇಡುವ ಬದಲು ನನ್ನನ್ನು ಅದರ ಮೇಲೆ ನಿಲ್ಲಿಸಿದ್ದೆ. ಮೊದಲ ಎಳೆತಕ್ಕೇ ಹಿಂದಕ್ಕೆ ಬಿದ್ದು ಕಿವಿಯೊಳಗೆಲ್ಲ ಕೆಸರು. ಅಜ್ಜಿ ಬದುವಿನ ಮೇಲಿಂದ "ಮಗೀನ ಸಾಯಿಸ್ತೀಯ ಮುದುಕಪ್ಪ" ಎಂದು ಬೈದಳು. ನೀನು ನನ್ನನ್ನು ಎತ್ತಿ ಮತ್ತೆ ಅಲ್ಲೇ ನಿಲ್ಲಿಸಿ ಹೇಳಿದೆ: "ಗಂಗಿ, ಎತ್ತು ಹೆಜ್ಜೆ ಎತ್ತೋಕೆ ಮುಂಚೆನೇ ನೀನು ಮುಂದಕ್ಕೆ ಬಾಗ್ಬೇಕು ಕಣೇ. ಎಳೆದ ಮೇಲೆ ಬಾಗ್ತೀನಿ ಅಂದ್ರೆ ಬಿದ್ದೆ ಅಂತ್ಲೇ ಲೆಕ್ಕ. ಮಂಡಿ ಸಡ್ಲ ಬಿಡು. ಕಾಲು ನೋಡ್ಬೇಡ, ಕೊಂಬು ನೋಡು." ಆ ದಿನ ಗದ್ದೆಯ ಮೂರು ಮಡಿ ಮಟ್ಟವಾಗುವ ತನಕ ನಾನು ಮತ್ತೆ ಬೀಳಲಿಲ್ಲ.

ತೊಟ್ಟಿಯ ಆಚೆ ದಡದಲ್ಲಿ ಎರಡು ಕಂಬಿಗಳು ಮೇಲಕ್ಕೆ ಚಾಚಿದ್ದವು. ಅವನ್ನೇ ಕೊಂಬು ಎಂದುಕೊಂಡೆ. ಮಂಡಿ ಸಡಿಲ ಬಿಟ್ಟೆ. ಎತ್ತು ಹೆಜ್ಜೆ ಎತ್ತುವ ಮುಂಚೆಯೇ ಬಾಗಿದೆ. ಹಲಗೆ ಗೋಡೆಗೆ ಕಚ್ಚಿಕೊಂಡಿತು, ತೊಟ್ಟಿಯ ತಳ ಬಂತು, ಆಚೆ ಗೋಡೆ ಬಂತು, ನಾನು ನಿಂತೇ ಇದ್ದೆ ತಾತ. ಸುನಂದ ಕಿರುಚಿದ್ದು ವಿಡಿಯೋದಲ್ಲಿದೆ, ನನಗೆ ಕೇಳಿಸಲೇ ಇಲ್ಲ. ಶಾಮಲಮ್ಮ ಬುಟ್ಟಿ ತಲೆಗೇರಿಸಿಕೊಂಡು, "ಅದೀ, ಇಪ್ಪುಡು ಅನ್ನಂ ತಿನಿ ಪೋ" ಎಂದು ಮನೆ ಕಡೆ ನಡೆದರು. ಊಟ ಮಾಡಿಕೊಂಡು ಹೊರಡಿ ಎನ್ನುವುದರೊಳಗೆ ಅವರ ಶಹಬ್ಬಾಸ್ ಇತ್ತು. ಅದಾದ ಮೇಲೆ ಇನ್ನೂ ಹನ್ನೊಂದು ಸಲ ಇಳಿದೆ. ಯಾರಿಗೂ ಜಾಗ ಬಿಡಲಿಲ್ಲ.

ಕ್ಲಬ್ಬಿನ ಮೇಡಂ ಹತ್ತಿರ ಬಂದು ಇಂಗ್ಲಿಷಿನಲ್ಲಿ, ನಿನ್ನೆ ಬೀಳುತ್ತಿದ್ದವಳು ನೀನೇನಾ, ನಿನಗೆ ಯಾರು ಕೋಚ್ ಎಂದು ಕೇಳಿದರು. ಮೈ ಗ್ರ್ಯಾಂಡ್‌ಫಾದರ್ ಎಂದೆ. ಅವರು ಎಲ್ಲಿ ಸ್ಕೇಟ್ ಮಾಡುತ್ತಾರೆ ಎಂದರು. ಎತ್ತಿನ ಹಿಂದೆ ಎಂದೆ. ನಗುತ್ತಾರೆಂದು ಕಾದೆ. ನಗಲಿಲ್ಲ, ಪೂರ್ತಿ ಹೇಳು ಎಂದು ಕೂತರು. ನಾನು ಹೇಳಿದೆ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ, ಒಮ್ಮೆಯೂ ತಡವರಿಸದೆ. ಆಮೇಲೆ ಅವರು ಬ್ಯಾಗಿನಿಂದ ಆ ಫಾರಂ ತೆಗೆದುಕೊಟ್ಟರು. ಹೊಸಬರ ಸ್ಪರ್ಧೆ, ಬೆಂಗಳೂರಿನಲ್ಲಿ. ತರಬೇತುದಾರರ ಒಪ್ಪಿಗೆಯಿಲ್ಲದೆ ಹೆಸರು ಪಟ್ಟಿಗೆ ಸೇರುವುದಿಲ್ಲವಂತೆ. ತರಬೇತುದಾರರ ಹೆಸರು ಎಂಬಲ್ಲಿ ಮುನಿಯಲ್ಲಪ್ಪ, ಹುತ್ತೂರು ಎಂದು ಬರೆದೆ. ಅನುಭವ ಎಷ್ಟು ವರ್ಷ ಎಂಬಲ್ಲಿ ಐವತ್ತು. ಕಡಿಮೆ ಬರೆದಿದ್ದರೆ ತಿಳಿಸು.

ಟ್ರಾಕ್ಟರ್ ಬಂದು ಎತ್ತುಗಳನ್ನು ಮಾರಿದ ದಿನ ನೀನು ಹಗ್ಗ ಸುತ್ತುತ್ತಾ, "ಇನ್ನು ನಂಗೆ ಗೊತ್ತಿರೋದೆಲ್ಲ ಯಾರಿಗೂ ಬೇಡ್ದೇ ಇರೋದು" ಎಂದಿದ್ದೆ. ನಾನಾಗ ಹಾಸ್ಟೆಲಿಗೆ ಟ್ರಂಕ್ ತುಂಬುತ್ತಿದ್ದೆ, ಕೇಳಿಸಿಯೂ ಬಟ್ಟೆ ಮಡಿಸುತ್ತಲೇ ಇದ್ದೆ. ಇಷ್ಟು ವರ್ಷದ ಮೇಲೆ ಉತ್ತರ ಕೊಡುತ್ತಿದ್ದೇನೆ: ನನಗೆ ಬೇಕು.

ಅತ್ತೆಗೆ ನನ್ನ ನೆನಪು ಹೇಳು. ನಿನ್ನ ಕಾಲಿಗೆ ಇಲ್ಲಿಂದಲೇ ನಮಸ್ಕಾರ, ನೋವಿರುವ ಮೊಣಕಾಲಿಗೆ ಒಂದು ಹೆಚ್ಚಿಗೆ.

ನಿನ್ನ ಹಲಗೆಯ ಮೇಲಿನ ಭಾರ,
ಗಂಗಿ

ಇನ್ನೊಂದು: ಕಾಗದ ಮಡಿಸುವಷ್ಟರಲ್ಲಿ ಬೆಂಗಳೂರಿನಿಂದ ಸ್ಪರ್ಧೆಯವರ ಫೋನ್ ಬಂತು. ಕ್ಲಬ್ಬಿಗೆ ಸೇರದೆ ಬರುವವಳು ನಾನೊಬ್ಬಳೇ ಅಂತೆ. ಕಲಿಸಿದವರು ತಮ್ಮ ಕೈಯಾರೆ ಬರೆದು ಸಹಿ ಮಾಡಿಕೊಟ್ಟರೆ ಮಾತ್ರ ಹೆಸರು ಉಳಿಸುತ್ತಾರೆ. ಮೇ ಐದರೊಳಗೆ ಅದು ನನ್ನ ಕೈಗೆ ಬರಬೇಕು. ನಾನು ಶಾಲೆಯ ಹಾಸ್ಟೆಲಿನಲ್ಲಿದ್ದಾಗ ನೀನು ಬರೆಯುತ್ತಿದ್ದೆಯಲ್ಲ, ಅದೇ ಥರದ ಒಂದು ಪೋಸ್ಟ್‌ಕಾರ್ಡ್ ಸಾಕು: ಇವಳಿಗೆ ಹಲಗೆ ಮೇಲೆ ನಿಲ್ಲೋದು ಕಲಿಸಿದ್ದು ನಾನು. ಕೆಳಗೆ ನಿನ್ನ ಸಹಿ. ಸ್ಪರ್ಧೆ ಮೇ ಹನ್ನೊಂದು, ಭಾನುವಾರ. ಅಲ್ಲಿಯೂ ಇಂಥದೇ ತೊಟ್ಟಿ, ಕೋಚ್‌ಗಳಿಗೆ ಅದರ ಪಕ್ಕದಲ್ಲೇ ಕುರ್ಚಿ ಹಾಕುತ್ತಾರಂತೆ. ಅಲ್ಲಿಗೆ ಬರುವುದಾದರೆ ಅದನ್ನೂ ಕಾರ್ಡಿನಲ್ಲಿ ಬರೆ. ಬೇಗ ಉತ್ತರ ಬರೆ ತಾತ.