ಒಂದೇ ಕನ್ನಡಿ

೧೪-೧೦-೧೯೭೪, ಸೋಮವಾರ, ರಾಜಾಜಿನಗರ

ತಾಲೀಮಿನಲ್ಲಿ ಕೂಗಿ ಕೂಗಿ ಗಂಟಲು ಬಿದ್ದೇಹೋಗಿದೆ. ಮುಷ್ಕರ ಮುಗಿದು ತಿಂಗಳುಗಳಾದರೂ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಪುರುಷೋತ್ತಮನಿಗೂ ಫಿಟ್ಟರ್ ಹನುಮಂತಯ್ಯನಿಗೂ ಮಾತಿಲ್ಲ. "ನಾಟಕ ಆಡಿಸಿ ಇವರನ್ನೆಲ್ಲ ಒಂದು ಮಾಡಯ್ಯಾ, ಇಲ್ದಿದ್ರೆ ನಿನ್ನ ನಾಟಕ ಸಂಘ ಮುಚ್ಚು" ಎಂದು ಮ್ಯಾನೇಜರು ನನ್ನ ತಲೆಗೆ ಕಟ್ಟಿದ್ದಾರೆ. ಒಂದು ಮಾಡುವುದೇನು ಪರದೆ ಎಳೆದಷ್ಟು ಸುಲಭವೇ?

ಇವತ್ತು ಬಣ್ಣ ಹಚ್ಚಿಕೊಂಡು ತಾಲೀಮು. ಪುರುಷೋತ್ತಮ ಬಂದವನೇ ಬೇರೆ ಕೋಣೆ, ಬೇರೆ ಕನ್ನಡಿ ಕೇಳಿದ. ನಾಟಕ ಕಂಪನಿಯಲ್ಲೇ ಬೆಳೆದವನು ನಾನು, ಗುಡುಗಿಬಿಟ್ಟೆ: "ಬಣ್ಣದ ಮನೆಯಲ್ಲಿ ರಾಜನಿಗೂ ದ್ವಾರಪಾಲಕನಿಗೂ ಒಂದೇ ಕನ್ನಡಿ! ಒಬ್ಬರ ಮುಖಕ್ಕೆ ಇನ್ನೊಬ್ಬರು ಬಣ್ಣ ಹಚ್ಚತಕ್ಕದ್ದು!" ಕಾಡಿಗೆಯನ್ನು ಹನುಮಂತಯ್ಯನ ಕೈಗೆ ತುರುಕಿದೆ.

"ಕಣ್ಣು ಮುಚ್ಚಿ ಸಾರ್."

"ನಿನ್ನ ನಂಬ್ಕೊಂಡು ಕಣ್ಣು ಮುಚ್ಲೇನಯ್ಯಾ?"

"ಚುಚ್ಚೋ ಹಂಗಿದ್ರೆ ಮುಷ್ಕರದಲ್ಲೇ ಚುಚ್ತಿದ್ದೆ. ಮುಚ್ಚಿ ಸಾರ್."

ಯಾರೋ ಕಿಸಕ್ಕೆಂದರು. ಪುರುಷೋತ್ತಮ ಕೊನೆಗೆ ಕಣ್ಣು ಮುಚ್ಚಿದ. ಯಂತ್ರ ಬಿಚ್ಚಿ ಜೋಡಿಸುವ ಹನುಮಂತಯ್ಯನ ಕೈಗೆ ಕಾಡಿಗೆ ಹೊಸದು, ಗೆರೆ ಸೊಟ್ಟಗಾಯಿತು. ಈಗ ಪುರುಷೋತ್ತಮ ಎದ್ದು ಹೋಗುತ್ತಾನೆ, ಸಂಘ ಮುಗಿಯಿತು ಎಂದುಕೊಂಡೆ. ಅವನು ಕನ್ನಡಿ ನೋಡಿಕೊಂಡ. ಒರೆಸಿಕೊಳ್ಳಲಿಲ್ಲ. "ಈ ಕಡೇದೂ ಹಚ್ಚು" ಎಂದು ಮತ್ತೆ ಕಣ್ಣು ಮುಚ್ಚಿದ.

ನಾಳೆ ಇಬ್ಬರೂ ಮಾತಾಡುತ್ತಾರೋ ಇಲ್ಲವೋ, ಯಾರಿಗೆ ಗೊತ್ತು. ನನಗಂತೂ ಸಾಕಾಗಿದೆ. ಆದರೂ ಆ ಮುಚ್ಚಿದ ಕಣ್ಣು...